ಕೊನೆಯ ಪುಟದ ವಿಮರ್ಶೆ: ಬೆಂಗಳೂರು ದಂಡುಪ್ರದೇಶದ ಕಾದಂಬರಿ ಓದು ಮತ್ತು ಓದುಗರ ಅಭಿಪ್ರಾಯ

ಕನ್ನಡ ಕಾದಂಬರಿಯ ಚರಿತ್ರೆಯನ್ನು ಲೇಖಕರ ಕಡೆಯಿಂದ ಬರೆಯಲಾಗಿದೆ, ಪಂಥಗಳ ಕಡೆಯಿಂದಲೂ ಬರೆಯಲಾಗಿದೆ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂಬ ವಿಂಗಡಣೆಗಳ ನಡುವೆ ಕಾದಂಬರಿಗಳನ್ನು ನಿಜವಾಗಿ ಓದಿದವರು ಏನು ಹೇಳಿದರು ಎಂಬ ಪ್ರಶ್ನೆಗೆ ಹೆಚ್ಚು ಜಾಗ ದೊರೆತಿಲ್ಲ. ವಿಮರ್ಶಕನ ಅಭಿಪ್ರಾಯವು ಗ್ರಂಥವಾಗಿ ಉಳಿಯುತ್ತದೆ. ಓದುಗಳ ಅಭಿಪ್ರಾಯವು ಮಾತಾಗಿ ಹುಟ್ಟಿ ಮಾತಾಗಿಯೇ ಕರಗುತ್ತದೆ. ಮಾತಾಗಿ ಹುಟ್ಟಿ ಮಾತಾಗಿ ಉಳಿಯುವುದು ಜಾನಪದ ಅಧ್ಯಯನದ ವ್ಯಾಪ್ತಿಗೆ ಸೇರಿದ ಸಂಗತಿ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1966ರಲ್ಲಿಯೇ 'ಮೌಖಿಕ ಸಾಹಿತ್ಯ ವಿಮರ್ಶೆ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಕತೆಯನ್ನು ಸಂಗ್ರಹಿಸಿದರೆ ಸಾಲದು, ಆ ಕತೆಯ ಬಗ್ಗೆ ಅದನ್ನು ಹೇಳುವವರೂ ಕೇಳುವವರೂ ಏನೆನ್ನುತ್ತಾರೆ ಎಂಬುದನ್ನೂ ಸಂಗ್ರಹಿಸಬೇಕು ಎಂಬುದು ಅವರ ವಾದದ ತಿರುಳು. ಈ ಮಾತನ್ನು ಅಚ್ಚಾದ ಕಾದಂಬರಿಗೂ ವಿಸ್ತರಿಸಿದರೆ ಏನು ದೊರೆಯುತ್ತದೆ ಎಂಬುದನ್ನು ಬೆಂಗಳೂರಿನ ದಂಡುಪ್ರದೇಶ ಮತ್ತು ಅದರ ಪೂರ್ವಭಾಗವನ್ನು ನೆಲೆಯಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನೆಲೆಯ ಆಯ್ಕೆಗೆ ಕಾರಣವಿದೆ. ಕನ್ನಡ ಓದಿನ ಮಾತು ಬಂದಾಗ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹೆಸರು ಬರುತ್ತವೆ. ಶಿವಾಜಿನಗರ, ಹಲಸೂರುಗಳ ಹೆಸರು ಬರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ದಂಡು, 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. 1947ರಲ್ಲಿ ಮೈಸೂರಿಗೆ ಮರಳಿ, 1949ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ನಿನ ಅಡಿಯಲ್ಲಿ ಸೇರಿತು. ತಮಿಳು, ಉರ್ದು, ತೆಲುಗು, ಇಂಗ್ಲಿಷ್‌ಗಳ ಬೀದಿಗಳಲ್ಲಿ ಕನ್ನಡವು ಹಲವು ಮನೆಗಳಿಗೆ ಎರಡನೆಯ ಅಥವಾ ಮೂರನೆಯ ಭಾಷೆ. ಆದರೆ ಹಲಸೂರಿನ ಸೋಮೇಶ್ವರ ದೇವಾಲಯವೂ ಕೆರೆಯೂ ದಂಡಿಗಿಂತ ಹಳೆಯವು. ಕೃಷ್ಣರಾಜಪುರದ ಸುತ್ತಲಿನ ಹಳ್ಳಿಗಳ ಕನ್ನಡವೂ ದಂಡಿಗಿಂತ ಹಳೆಯದು. 1940ರಲ್ಲಿ ಆರಂಭವಾದ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದಲ್ಲಿ ನೆಲೆಗೊಂಡ ಐಟಿಐ, ಹಳೆ ಮದರಾಸು ರಸ್ತೆಯ ಎನ್‌ಜಿಇಎಫ್ ಮುಂತಾದ ಕಾರ್ಖಾನೆಗಳು ನಾಡಿನ ನಾನಾ ಜಿಲ್ಲೆಗಳ ಕುಟುಂಬಗಳನ್ನು ಈ ಭಾಗಕ್ಕೆ ತಂದವು. ಕಾರ್ಖಾನೆಯ ಕನ್ನಡ ಸಂಘ, ರಾಜ್ಯೋತ್ಸವದ ನಾಟಕ, ಮನೆಗೆ ಬರುವ ವಾರಪತ್ರಿಕೆ ಇವು ಇಲ್ಲಿನ ಕನ್ನಡ ಓದಿನ ತಳಹದಿಯಾದವು. ಹೊಸ ಬಡಾವಣೆಯಾದ ಇಂದಿರಾನಗರಕ್ಕೂ ಈ ಓದು ಹಬ್ಬಿತು.

ಕಾದಂಬರಿ ಓದುಗರ ಬಳಿಗೆ ನಡೆದು ಬಂದ ಕ್ರಮವನ್ನೂ ಇಲ್ಲಿ ನೆನೆಯಬೇಕು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅ.ನ.ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿಗಳ ಮೂಲಕ ಓದುಗ ವರ್ಗವೊಂದನ್ನು ಕಟ್ಟಿದರು. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕೃತಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥವನ್ನೇ ಬರೆದು ಉತ್ತರಿಸಿದರು. 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಆರಂಭವಾದ 'ತರಂಗ' ವಾರಪತ್ರಿಕೆಗಳು ಧಾರಾವಾಹಿಗಳ ಮೂಲಕ ಕಾದಂಬರಿಯನ್ನು ವಾರದ ನಿರೀಕ್ಷೆಯನ್ನಾಗಿ ಮಾಡಿದವು. ಇವೆಲ್ಲಕ್ಕಿಂತ ಹತ್ತಿರದ ದಾರಿಯೆಂದರೆ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿ. ಠೇವಣಿ ಇಟ್ಟು ದಿನದ ಬಾಡಿಗೆಗೆ ಪುಸ್ತಕ ಒಯ್ಯುವ ಈ ಅಂಗಡಿಗಳಲ್ಲಿ ತ್ರಿವೇಣಿ, ಎಂ.ಕೆ.ಇಂದಿರಾ, ಅನುಪಮಾ ನಿರಂಜನ, ವಾಣಿ, ಉಷಾ ನವರತ್ನರಾಂ, ಎಚ್.ಜಿ.ರಾಧಾದೇವಿ, ಸಾಯಿಸುತೆ ಮೊದಲಾದವರ ಕಾದಂಬರಿಗಳು ರಟ್ಟು ಸಡಿಲವಾಗುವವರೆಗೆ ಕೈಯಿಂದ ಕೈಗೆ ಸಾಗಿದವು.

ಬಾಡಿಗೆ ಪುಸ್ತಕದ ಕೊನೆಯ ಖಾಲಿ ಪುಟವು ಕನ್ನಡ ವಿಮರ್ಶೆಯ ಅಲಕ್ಷಿತ ದಾಖಲೆ. 'ಚೆನ್ನಾಗಿದೆ, ಓದಿ', 'ಬರೀ ಬೋರು', 'ಕೊನೆ ಸರಿಯಿಲ್ಲ' ಎಂಬಂಥ ಬರಹಗಳು ಅಲ್ಲಿ ಪೆನ್ಸಿಲ್ಲಿನಲ್ಲಿಯೂ ಪೆನ್ನಿನಲ್ಲಿಯೂ ಕಾಣುತ್ತವೆ. ಒಬ್ಬರ ಮಾತಿನ ಕೆಳಗೆ ಇನ್ನೊಬ್ಬರ ಮರುಮಾತು ಇರುತ್ತದೆ. ಬರೆದವರ ಹೆಸರಿಲ್ಲ, ಕಾಲವಿಲ್ಲ. ಮಾತು ಮಾತ್ರ ಇದೆ. ಕರ್ತೃವಿಲ್ಲದ, ಹಲವರ ಕೈಯಲ್ಲಿ ಬೆಳೆಯುವ, ಸಿದ್ಧ ನುಡಿಗಟ್ಟುಗಳಲ್ಲಿ ನಡೆಯುವ ಈ ಬರಹವು ಗಾದೆಯ, ಒಗಟಿನ ಲಕ್ಷಣಗಳನ್ನು ಹೊಂದಿದೆ. ಇದನ್ನು ಪುಸ್ತಕ ಕೆಡಿಸುವ ಚಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ನುಡಿಗಟ್ಟುಗಳನ್ನು ಬಿಡಿಸಿ ನೋಡಿದರೆ ಅವುಗಳ ಹಿಂದೆ ನಿಶ್ಚಿತವಾದ ಮಾನದಂಡಗಳಿರುವುದು ತಿಳಿಯುತ್ತದೆ.

ಮೊದಲನೆಯದು 'ಕತೆ ಓಡುತ್ತದೆ' ಎಂಬ ಮಾತು. ನವ್ಯ ವಿಮರ್ಶೆಗೆ ಇದು ಮೆಚ್ಚುಗೆಯೇ ಅಲ್ಲ. ಕತೆ ಕೇಳುವ ಪರಂಪರೆಯಲ್ಲಿ ಇದು ದೊಡ್ಡ ಮೆಚ್ಚುಗೆ. ಕೇಳುವವರು ಹೂಂಗುಟ್ಟುವುದನ್ನು ನಿಲ್ಲಿಸಿದರೆ ಕತೆ ಸತ್ತಂತೆ ಎಂಬುದು ಹೇಳುವವರಿಗೆ ಗೊತ್ತು. ಒಲೆಯ ಮೇಲೆ ಅನ್ನವಿಟ್ಟು, ಮಕ್ಕಳು ಶಾಲೆಯಿಂದ ಬರುವುದರೊಳಗೆ ನಾಲ್ಕು ಪುಟ ಓದುವವಳಿಗೆ, ಬಿಟ್ಟ ಜಾಗದಿಂದ ಮತ್ತೆ ಕೈಹಿಡಿದು ನಡೆಸುವ ಕತೆ ಬೇಕು. 'ಓಡುತ್ತದೆ' ಎಂಬುದು ವೇಗದ ಮಾತಷ್ಟೇ ಅಲ್ಲ, ತುಂಡಾದ ಬಿಡುವಿಗೂ ಒಗ್ಗುವ ಕಟ್ಟಡದ ಮಾತು.

ಎರಡನೆಯದು 'ನಮ್ಮ ಮನೆಯಲ್ಲೇ ನಡೆದ ಹಾಗಿದೆ' ಎಂಬುದು. ಇದು ವಾಸ್ತವವಾದದ ಮಾನದಂಡವೆಂದು ತೋರಿದರೂ ಹಾಗಲ್ಲ. ಎಂ.ಕೆ.ಇಂದಿರಾ ಅವರ 'ಫಣಿಯಮ್ಮ' (1976) ಮಲೆನಾಡಿನ ಬಾಲವಿಧವೆಯ ಕತೆ. ದೂರವಾಣಿನಗರದ ಕ್ವಾರ್ಟರ್ಸಿನಲ್ಲಿ ಅಂಥ ಬದುಕಿಲ್ಲ. ಆದರೂ ಅದು ತಮ್ಮ ಮನೆಯದು ಅನ್ನಿಸುವುದು, ಲೇಖಕಿ ತಮ್ಮ ಕುಟುಂಬದ ಹೆಂಗಸರ ಬಾಯಿಂದ ಕೇಳಿದ ನಿಜಬದುಕನ್ನು ಕೇಳಿದ ಧಾಟಿಯಲ್ಲಿಯೇ ಹೇಳಿರುವುದರಿಂದ. ಬಾಯಿಂದ ಪುಸ್ತಕಕ್ಕೆ ಹೋದ ಕತೆ ಓದುಗಳಲ್ಲಿ ಮತ್ತೆ ಬಾಯಿಗೆ ಬರುತ್ತದೆ. 'ನಮ್ಮ ಅಜ್ಜಿಯೊಬ್ಬರಿದ್ದರು' ಎಂದು ಆರಂಭವಾಗುವ ಅವಳ ಪ್ರತಿಕ್ರಿಯೆ ಕಾದಂಬರಿಯ ಸಾರಾಂಶವಲ್ಲ, ಅದರ ಮುಂದುವರಿಕೆ.

ಮೂರನೆಯದು 'ಅವಳು ಹಾಗೆ ಮಾಡಬಾರದಿತ್ತು' ಅಥವಾ 'ಸರಿಯಾಗಿ ಮಾಡಿದಳು' ಎಂಬ ತೀರ್ಪು. ತ್ರಿವೇಣಿಯವರ 'ಬೆಳ್ಳಿಮೋಡ' ಇದಕ್ಕೆ ಒಳ್ಳೆಯ ನಿದರ್ಶನ. ಇಂದಿರೆಯನ್ನು ಮದುವೆಯಾಗುವ ಒಪ್ಪಂದದ ಮೇಲೆ ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಓದಲು ಹೋದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೆಯೆಂದು ತಿಳಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಅಪಘಾತಕ್ಕೆ ಸಿಕ್ಕ ಅವನನ್ನು ಅವಳು ಆರೈಕೆ ಮಾಡುತ್ತಾಳೆ; ಅವನು ಪಶ್ಚಾತ್ತಾಪದಿಂದ ಕೈ ಚಾಚಿದಾಗ ನಿರಾಕರಿಸುತ್ತಾಳೆ. ಪುಟ್ಟಣ್ಣ ಕಣಗಾಲ್ ಅವರ ಚಲನಚಿತ್ರದಿಂದ ಇನ್ನಷ್ಟು ಮನೆಮಾತಾದ ಈ ನಿರಾಕರಣೆ ಓದುಗರನ್ನು ಎರಡು ಪಕ್ಷ ಮಾಡುವಂಥದು. ಕ್ಷಮಿಸಬೇಕಿತ್ತು ಎನ್ನುವ ಪಕ್ಷ ಒಂದು, ಆರೈಕೆಯೇ ಕ್ಷಮೆ, ಮದುವೆ ಬೇರೆ ಮಾತು ಎನ್ನುವ ಪಕ್ಷ ಇನ್ನೊಂದು. ಪಾತ್ರವನ್ನು ನಿಜವಾದ ಮನುಷ್ಯಳೆಂದು ಭ್ರಮಿಸುವ ಮುಗ್ಧತೆ ಇದು ಎಂದು ವಿಮರ್ಶಕ ನಗಬಹುದು. ಆದರೆ ವರದಕ್ಷಿಣೆ, ಆಸ್ತಿ, ಓದಿಸಿದ ಋಣ ಇವುಗಳನ್ನು ತಮ್ಮ ಮನೆಯಲ್ಲಿ ಹೆಸರಿಟ್ಟು ಚರ್ಚಿಸಲಾಗದ ಹೆಂಗಸರು ಇಂದಿರೆಯ ಹೆಸರಿನಲ್ಲಿ ಅವನ್ನು ಚರ್ಚಿಸುತ್ತಾರೆ. ಗ್ರಾಮೀಣ ಹೆಂಗಸರು 'ಕೆರೆಗೆ ಹಾರ'ದ ಭಾಗೀರಥಿಯ ಹೆಸರಿನಲ್ಲಿ ಅತ್ತೆ ಮಾವಂದಿರ ನ್ಯಾಯವನ್ನು ತೂಗುವುದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ.

ನಾಲ್ಕನೆಯ ಮಾನದಂಡ ಕೊನೆಯದು; ಅಕ್ಷರಶಃ ಕತೆಯ ಕೊನೆ. ಜಾನಿಸ್ ರಾಡ್‌ವೇ 1984ರ 'ರೀಡಿಂಗ್ ದ ರೊಮಾನ್ಸ್' ಕೃತಿಯಲ್ಲಿ ಅಮೆರಿಕದ ಪಟ್ಟಣವೊಂದರ ಪ್ರಣಯ ಕಾದಂಬರಿಯ ಓದುಗರನ್ನು ಅಭ್ಯಸಿಸಿದರು. ಆ ಹೆಂಗಸರಿಗೆ ಸುಖಾಂತ್ಯವಿಲ್ಲದ ಪ್ರಣಯ ಕಾದಂಬರಿ ಪ್ರಣಯ ಕಾದಂಬರಿಯೇ ಅಲ್ಲ. ಓದುವುದೆಂದರೆ ಮನೆಯ ಬೇಡಿಕೆಗಳಿಂದ ತಮಗಾಗಿ ಒಂದಿಷ್ಟು ಹೊತ್ತನ್ನು ಬೇರ್ಪಡಿಸಿಕೊಳ್ಳುವುದು ಎಂಬ ಅವರ ನಿರ್ಣಯ ಕನ್ನಡದ ಓದುಗಳಿಗೂ ಸಲ್ಲುತ್ತದೆ. ಸುಖಾಂತ್ಯದ ಮಾತು ಮಾತ್ರ ಪೂರ್ತಿಯಾಗಿ ಸಲ್ಲುವುದಿಲ್ಲ. ಇಲ್ಲಿ ಎ.ಕೆ.ರಾಮಾನುಜನ್ ಅವರ ವಿಚಾರ ನೆರವಿಗೆ ಬರುತ್ತದೆ. ಗಂಡಸು ಕೇಂದ್ರವಾದ ಕತೆಗಳು ಬಹುಮಟ್ಟಿಗೆ ಮದುವೆಯಲ್ಲಿ ಮುಗಿಯುತ್ತವೆ. ಹೆಣ್ಣು ಕೇಂದ್ರವಾದ ಕತೆಗಳಲ್ಲಿ ಮದುವೆಯಿಂದಲೇ ತೊಂದರೆ ಶುರುವಾಗುತ್ತದೆ ಎಂದು ಅವರು ಕನ್ನಡದ ಜನಪದ ಕತೆಗಳ ಆಧಾರದಿಂದ ತೋರಿಸಿದರು. ಹೂವಾಗುವ ಹುಡುಗಿಯ ಕತೆಯಲ್ಲಿ ರಾಜಕುಮಾರನೊಡನೆ ಮದುವೆ ನಡುವೆಯೇ ಆಗಿಹೋಗುತ್ತದೆ. ಕೊಂಬೆ ಮುರಿಯುವುದು ಆಮೇಲೆ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯೂ ಪ್ರೀತಿಸಿದವನನ್ನೇ ಮದುವೆಯಾದವಳು. ಹೆರಿಗೆಯ ನಂತರದ ಮನೋರೋಗ ವಾಸಿಯಾಗಿ ಮರಳಿದ ಅವಳನ್ನು ಮನೆಯೂ ನೆರೆಯೂ ನಂಬುವುದಿಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಗಂಡನನ್ನು ಪ್ರೀತಿಸುತ್ತಲೇ ತಲಾಖಿಗೆ ಒಳಗಾಗಿ ಕೊನೆಗೆ ಕೆರೆಗೆ ಬೀಳುತ್ತಾಳೆ. ಇವೆರಡೂ ದುಃಖಾಂತಗಳು, ಇವನ್ನು ಓದುಗರು ಕೈಬಿಡಲಿಲ್ಲ. 'ಕೊನೆ ಸರಿಯಿಲ್ಲ' ಎಂಬ ಮಾತಿಗೆ ದುಃಖ ಬೇಡ ಎಂಬುದು ಅರ್ಥವಲ್ಲ. ಪಟ್ಟ ಕಷ್ಟಕ್ಕೆ ಲೆಕ್ಕ ಸಿಗಬೇಕು, ಯಾರ ತಪ್ಪು ಎಂಬುದು ಗೊತ್ತಾಗಬೇಕು ಎಂಬುದು ಅರ್ಥ.

ಈ ಮಾನದಂಡಗಳನ್ನು ಈಚಿನ ಕೃತಿಗಳಿಗೆ ಒಡ್ಡಿದರೆ ಕುತೂಹಲಕರ ಸಂಗತಿಗಳು ಎದುರಾಗುತ್ತವೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಬೆಂಗಳೂರಿನ ಕಿರುಕಾದಂಬರಿ. ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಕಂಡ ಕುಟುಂಬಕ್ಕೆ ಸೊಸೆಯಾಗಿ ಬಂದ ಅನಿತಾ ನೇರ ಮಾತಿನವಳು. ಮದುವೆಯ ನಂತರ ತೊಂದರೆ ಶುರುವಾಗುವ ಜನಪದ ಕ್ರಮವೇ ಇಲ್ಲಿಯೂ ಇದೆ. ಆದರೆ ಕತೆ ಹೇಳುವವನು ಗಂಡ. ಕಾಫಿ ಹೌಸಿನ ಮಾಣಿ ವಿನ್ಸೆಂಟನ ಮಾತಿನಲ್ಲಿ ಅರ್ಥ ಹುಡುಕುವ ಅವನು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೆಂಡತಿಗೆ ಏನಾಯಿತು ಎಂಬುದನ್ನು ಕಾದಂಬರಿ ಹೇಳದೆ ನಿಲ್ಲುತ್ತದೆ. ಶ್ರೀನಾಥ್ ಪೆರೂರ್ ಅವರ ಅನುವಾದದ ಮೂಲಕ ಹೊರನಾಡುಗಳನ್ನೂ ತಲುಪಿದ ಈ ಕೃತಿಯ ಅಂತ್ಯವನ್ನು ವಿಮರ್ಶೆಯು ಸಂಯಮವೆಂದು ಮೆಚ್ಚುತ್ತದೆ. ಕೊನೆಯ ಪುಟದ ಓದುಗಳು 'ಅನಿತಾ ಏನಾದಳು?' ಎಂದು ಕೇಳುತ್ತಾಳೆ. ಈ ಪ್ರಶ್ನೆ ಕೃತಿಯನ್ನು ಅರಿಯದ ಪ್ರಶ್ನೆಯಲ್ಲ. ಕೃತಿ ಓದುಗರಲ್ಲಿ ಎಬ್ಬಿಸಬೇಕಾದ ಪ್ರಶ್ನೆಯೇ ಇದು. ಸೊಸೆಯ ಗತಿಯನ್ನು ಕೇಳದೆ ಶೈಲಿಯನ್ನಷ್ಟೇ ಮೆಚ್ಚುವ ಓದು, ಕತೆ ಹೇಳುವ ಗಂಡನ ಮೌನವನ್ನೇ ಹಂಚಿಕೊಂಡಂತಾಗುತ್ತದೆ.

ವಸುಧೇಂದ್ರರ 'ತೇಜೋ-ತುಂಗಭದ್ರಾ' (2019) ಇದಕ್ಕೆ ಬೇರೆಯದಾದ ದಾರಿ ಹಿಡಿದಿದೆ. ಲಿಸ್ಬನ್ನಿನ ತೇಜೋ ನದಿಯ ದಂಡೆಯ ಗೇಬ್ರಿಯಲ್ ಮತ್ತು ಬೆಲ್ಲಾರ ಪ್ರೀತಿ, ತುಂಗಭದ್ರೆಯ ದಂಡೆಯ ಹಂಪಮ್ಮ ಮತ್ತು ಕೇಶವರ ಪ್ರೀತಿ ಇವೆರಡನ್ನೂ ಹದಿನಾರನೆಯ ಶತಮಾನದ ಧರ್ಮ ಮತ್ತು ಸಾಮ್ರಾಜ್ಯಗಳ ನಡುವೆ ಇಡುವ ಈ ಕಾದಂಬರಿ ಗಾತ್ರದಲ್ಲಿ ದೊಡ್ಡದು. ಆದರೂ ಇದು 'ಓಡುತ್ತದೆ'. ಪ್ರಿಯರು ಅಗಲುವುದು, ಕಡಲು ದಾಟುವುದು, ಹೆಸರೂ ವೇಷವೂ ಬದಲಾಗುವುದು ಎಲ್ಲವೂ ಜನಪದ ಕತೆಯ ಪರಿಚಿತ ಆಶಯಗಳು. ಚರಿತ್ರೆಯನ್ನು ಅಂಜದೆ ಓದಿಸುವುದು ಈ ಆಶಯಗಳ ಬಲವೇ. ಜನಪ್ರಿಯ, ಗಂಭೀರ ಎಂಬ ಹಳೆಯ ಗೆರೆ ಇಂಥ ಕೃತಿಯ ಮುಂದೆ ಮಸಕಾಗುತ್ತದೆ. ಓದುಗರು ಆ ಗೆರೆಯನ್ನು ಮೊದಲೇ ಒಪ್ಪಿರಲಿಲ್ಲ.

ಹಾಗೆಂದು ಓದುಗರ ತೀರ್ಪನ್ನು ಪೂಜಿಸುವುದೂ ಸಲ್ಲದು. ಮಹಿಳಾ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ'ವೆಂದು ಹಳಿದದ್ದು ಅನ್ಯಾಯ. ಅವುಗಳಲ್ಲಿ ಎಲ್ಲವೂ ಪ್ರತಿರೋಧವೇ ಎಂದು ಕೊಂಡಾಡುವುದು ಇನ್ನೊಂದು ಬಗೆಯ ಅನ್ಯಾಯ. 'ನಮ್ಮ ಮನೆಯಲ್ಲೇ ನಡೆದ ಹಾಗಿದೆ' ಎಂಬ ಮಾನದಂಡದ ಮಿತಿ 'ನಮ್ಮ' ಎಂಬ ಪದದಲ್ಲಿಯೇ ಇದೆ. ಜಾತಿಯ ಹೆಸರೆತ್ತದೆ ಮೇಲುಜಾತಿಯ ಮನೆಯನ್ನೇ ಎಲ್ಲರ ಮನೆಯೆಂದು ನಂಬಿಸುವ ಪ್ರಣಯ ಕಾದಂಬರಿಗಳನ್ನು ಈ ಮಾನದಂಡ ಪ್ರಶ್ನಿಸುವುದಿಲ್ಲ. ಶ್ರೀಮಂತ ನಾಯಕನ ಸಿಡುಕನ್ನು ಪ್ರೀತಿಯ ಲಕ್ಷಣವೆಂದು ಒಪ್ಪಿಸುವ ಕತೆಗಳನ್ನೂ ಅದು ಸುಲಭವಾಗಿ ಕ್ಷಮಿಸುತ್ತದೆ. ದಂಡುಪ್ರದೇಶದ ಓದುಗರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವರು ಮೆಚ್ಚಿ ಓದಿದ ಹೆಚ್ಚಿನ ಕಾದಂಬರಿಗಳಲ್ಲಿ ಅವರ ಬೀದಿಯೇ ಇಲ್ಲ. ರಸೆಲ್ ಮಾರುಕಟ್ಟೆಯ ನಸುಕು, ಹಲಸೂರಿನ ಹೂವಿನ ಪಲ್ಲಕ್ಕಿಯ ರಾತ್ರಿ, ಮೂರು ಭಾಷೆಗಳಲ್ಲಿ ನಡೆಯುವ ನೆರೆಮನೆಯ ಜಗಳ, ಪಾಳಿ ಮುಗಿಸಿ ಬಂದ ಗಂಡನ ಎಣ್ಣೆಗಪ್ಪು ಅಂಗಿ ಇವು ಪ್ರಣಯ ಕಾದಂಬರಿಯ ವಸ್ತುವಾದದ್ದು ವಿರಳ. ತನ್ನ ಬೀದಿಯಿಲ್ಲದ ಪುಸ್ತಕವನ್ನು ತನ್ನ ಮನೆಯದೆಂದು ಓದುವುದು ಓದುಗಳ ಔದಾರ್ಯ. ಆ ಔದಾರ್ಯಕ್ಕೆ ಕನ್ನಡ ಕಾದಂಬರಿ ಇನ್ನೂ ಸಾಲಗಾರ.

ಈ ಓದಿನ ಪರಿಸರವೂ ಬದಲಾಗಿದೆ. ಟೆಲಿವಿಷನ್ ಧಾರಾವಾಹಿಗಳ ಕಾಲದಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಎನ್‌ಜಿಇಎಫ್ ಮುಚ್ಚಿತು, ಕಾರ್ಖಾನೆಗಳ ಕಾರ್ಮಿಕ ಬಲ ಕುಗ್ಗಿ ಕನ್ನಡ ಸಂಘಗಳ ಆಸರೆಯೂ ಕುಗ್ಗಿತು. 2023ರಲ್ಲಿ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರಗಳ ನಡುವೆ ಮೆಟ್ರೊ ಓಡತೊಡಗಿದ ಮೇಲೆ ಈ ಭಾಗದ ಓದು ರೈಲಿಗೂ ಏರಿದೆ. ಮೊಬೈಲಿನಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳು ದೊರೆಯುತ್ತಿವೆ. ಕೇಳುಪುಸ್ತಕವೆಂದರೆ ಕಾದಂಬರಿ ಮತ್ತೆ ಕಿವಿಗೆ ಮರಳಿದಂತೆ. ಆದರೆ ಮೊಬೈಲಿನ ಪುಸ್ತಕಕ್ಕೆ ಕೊನೆಯ ಖಾಲಿ ಪುಟವಿಲ್ಲ. ಹಳೆಯ ಪುಸ್ತಕಗಳು ರದ್ದಿಗೆ ಹೋದಂತೆ ಆ ಪುಟಗಳ ಬರಹವೂ ರದ್ದಿಗೆ ಹೋಗುತ್ತಿದೆ. ಲಾವಣಿ, ತ್ರಿಪದಿಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಈ ಬರಹಗಳನ್ನು, ವಾರಪತ್ರಿಕೆಗಳ ಓದುಗರ ಪತ್ರಗಳನ್ನು, ಹಿರಿಯ ಓದುಗರ ನೆನಪುಗಳನ್ನು ಸಂಗ್ರಹಿಸುವ ಕೆಲಸವನ್ನು ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಕ್ಷೇತ್ರಕಾರ್ಯವೆಂದರೆ ಹಳ್ಳಿಗೆ ಹೋಗುವುದು ಎಂಬ ರೂಢಿಯನ್ನು ಬಿಟ್ಟು ಶಿವಾಜಿನಗರದ ಬಸ್ಸು ಹಿಡಿದರೂ ಸಾಕು.

ರಾಮಾನುಜನ್ ಸಂಗ್ರಹಿಸಿದ ಕನ್ನಡ ಕತೆಯೊಂದರಲ್ಲಿ ಒಬ್ಬ ಗೃಹಿಣಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತಿರುತ್ತವೆ; ಅವಳು ಅವನ್ನು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಅವಳ ಬಾಯಿಂದ ಹೊರಬಿದ್ದು ಬಾಗಿಲ ಬಳಿ ಗಂಡಸಿನ ಚಪ್ಪಲಿಯಾಗಿ, ಗೂಟದ ಮೇಲಿನ ಅಂಗಿಯಾಗಿ ನಿಂತು ಸಂಸಾರವನ್ನು ಕದಡುತ್ತವೆ. ಗಿರೀಶ ಕಾರ್ನಾಡರ 'ನಾಗಮಂಡಲ'ಕ್ಕೂ ಒದಗಿಬಂದ ಈ ಕತೆ ಹೇಳದ ಕತೆಯ ಸೇಡನ್ನು ಕುರಿತದ್ದು. ಅಭಿಪ್ರಾಯಕ್ಕೂ ಇದೇ ನ್ಯಾಯ. ಕೇಳಿಸಿಕೊಳ್ಳದ ಓದುಗರು ಸೇಡು ತೀರಿಸಿಕೊಳ್ಳುವುದು ಜಗಳದಿಂದಲ್ಲ, ಪುಸ್ತಕವನ್ನು ಕೆಳಗಿಟ್ಟು ಎದ್ದುಹೋಗುವುದರಿಂದ. ಕನ್ನಡವು ಮನೆಯ ಎರಡನೆಯ ಭಾಷೆಯಾಗಿರುವ ಬೀದಿಗಳಲ್ಲಿ ಹಾಗೆ ಎದ್ದುಹೋದವರು ಬೇರೆ ಭಾಷೆಯ ಪುಸ್ತಕದತ್ತ ಹೋಗುತ್ತಾರೆ. ಅವರನ್ನು ಮರಳಿ ಕರೆತರುವುದು ಯಾವ ವಿಮರ್ಶೆಗೂ ಸುಲಭವಲ್ಲ.