ಸೆಟ್ ಬೇಡ, ಬಿದಿರು ಸಾಕು

ಮಣ್ಣಿನ ಮೂರ್ತಿ ಮಾಡಲು ಹೊಸದಾಗಿ ಕೂರುವವರಿಗೆ ನನ್ನ ಮೊದಲ ಮಾತು ಇದು: ಉಪಕರಣಗಳ ಸೆಟ್ ಕೊಳ್ಳುವ ಮುಂಚೆ ಒಂದು ತುಂಡು ಬಿದಿರು ಹುಡುಕಿ. ಅಗ್ಗದ ಸೆಟ್‌ನಲ್ಲಿ ಎಷ್ಟೇ ಕಡ್ಡಿಗಳಿದ್ದರೂ ಹೆಚ್ಚಿನವುಗಳ ಅಂಚು ಮೊಂಡು. ಅವುಗಳಿಂದ ತೀಡಿದರೆ ಮೂಗು, ತುಟಿ, ಕಿವಿ ಎಲ್ಲವೂ ಒಂದೇ ತೆರನಾಗಿ ನುಣ್ಣಗಾಗುತ್ತವೆ. ಕೋಲ್ಕತ್ತದ ಕುಮಾರಟುಲಿಯಲ್ಲಿ ದುರ್ಗೆಯ ಮೂರ್ತಿ ಮಾಡುವವರ ಕೈಯಲ್ಲಿರುವುದು ಬಿದಿರು ಸೀಳಿ ಮಾಡಿದ ‘ಚೆಯಾಡಿ’.

ಬಿದಿರಿನ ಗುಟ್ಟು ಅದರ ಹೊರಮೈಯಲ್ಲಿದೆ. ಸಿಪ್ಪೆಯ ಭಾಗ ಗಟ್ಟಿ, ಒಳಭಾಗ ಮೆದು. ಹರಿತ ನಿಲ್ಲಬೇಕಾದರೆ ಒಳಗಿನಿಂದ ಹೆರೆಯುತ್ತ ಹೋಗಿ, ಅಂಚಿಗೆ ಸಿಪ್ಪೆಯನ್ನೇ ಉಳಿಸಿಕೊಳ್ಳಬೇಕು. ಒಣಗಿದ ಬಿದಿರೇ ಆಗಬೇಕು. ಹಸಿಯದು ಒಣಗುತ್ತ ಸೊಟ್ಟಗಾಗುತ್ತದೆ. ಒಂದು ಗೇಣು ಉದ್ದ, ಒಂದು ತುದಿ ಚಾಕುವಿನಂತೆ ಚಪ್ಪಟೆ, ಇನ್ನೊಂದು ಹೆಬ್ಬೆರಳಿನ ಉಗುರಿನಂತೆ ಬಾಗಿರಲಿ. ಮರಳು ಕಾಗದದಿಂದ ಉಜ್ಜಿ ಅಗಸೆ ಎಣ್ಣೆ ಕುಡಿಸಿದರೆ ನೀರು ಹೀರುವುದು ಕಡಿಮೆ, ಮಣ್ಣು ಅಂಟುವುದೂ ಕಡಿಮೆ.

ಎರಡನೆಯದು, ಮುರಿದ ಹ್ಯಾಕ್‌ಸಾ ಬ್ಲೇಡ್. ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಬ್ಲೇಡಿಗೆ ಇಂಚಿಗೆ 18, 24 ಅಥವಾ 32 ಹಲ್ಲು. ಮುಖದ ಕೆನ್ನೆಯ ಮೇಲೆ 18ರ ಬ್ಲೇಡನ್ನು ಅಡ್ಡಡ್ಡ ಎಳೆದು ನೋಡಿ: ಉಬ್ಬು ಇರುವಲ್ಲಿ ಹಲ್ಲು ಮಣ್ಣನ್ನು ಕೆರೆದು ಗೆರೆ ಬೀಳಿಸುತ್ತದೆ, ತಗ್ಗು ಇರುವಲ್ಲಿ ಏನೂ ತಾಗದೆ ನುಣ್ಣಗೆ ಉಳಿಯುತ್ತದೆ. ಎಲ್ಲಿ ಮಣ್ಣು ಸೇರಿಸಬೇಕು, ಎಲ್ಲಿ ತೆಗೆಯಬೇಕು ಎಂಬುದನ್ನು ಆ ಗೆರೆಗಳೇ ತೋರಿಸಿಕೊಡುತ್ತವೆ. ದಿಕ್ಕು ಬದಲಿಸಿ ಮತ್ತೆ ಎಳೆಯಿರಿ, ಕೊನೆಗೆ 32ರದ್ದು. ಇಷ್ಟು ಪ್ರಾಮಾಣಿಕವಾಗಿ ತಪ್ಪು ತೋರಿಸುವ ಸಾಧನ ಇನ್ನೊಂದನ್ನು ನಾನು ಕಾಣೆ. ಆದರೆ ಹದ ನೋಡಿಕೊಳ್ಳಬೇಕು. ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮಾತ್ರ ಅಂಟಬಾರದು. ಅದಕ್ಕಿಂತ ಹಸಿ ಇದ್ದರೆ ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡು ಮೇಲ್ಮೈ ಕಿತ್ತುಬರುತ್ತದೆ.

ತೋಡಿ ತೆಗೆಯಲು ಗಿಟಾರಿನ ಸಣ್ಣ ತಂತಿ ಸಾಕು. ಕುಣಿಕೆ ಮಾಡಿ, ಖಾಲಿ ಪೆನ್ನಿನ ಕೊಳವೆಗೆ ತೂರಿಸಿ ಎಂ-ಸೀಲ್ ಮೆತ್ತಿದರೆ ಮುಗಿಯಿತು. ಚಾಕು ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದೆ, ತಂತಿ ಎತ್ತಿಕೊಂಡು ಬರುತ್ತದೆ. ಕಣ್ಣಿನ ಗುಳಿಗೆ, ಕಿವಿಯ ಸುರುಳಿಗೆ ಅದೇ ಬೇಕು. ಹುಬ್ಬಿನ ಗೆರೆಗೆ ತೆಂಗಿನ ಪೊರಕೆ ಕಡ್ಡಿ, ಸರದ ಮಣಿಗೆ ಖಾಲಿ ರೀಫಿಲ್. ಹಳೆಯ ಚಕ್ಕುಲಿ ಒರಳಿಗೆ ಶಾವಿಗೆ ಬಿಲ್ಲೆ ಹಾಕಿ ಮೆತ್ತನೆಯ ಮಣ್ಣು ಒತ್ತಿದರೆ ಜಡೆಗೆ ಬೇಕಾದ ಎಳೆಗಳೆಲ್ಲ ಒಂದೇ ದಪ್ಪದಲ್ಲಿ ಬರುತ್ತವೆ.

ಗೌರಿ–ಗಣೇಶನನ್ನು ಮನೆಯಲ್ಲೇ ಮಾಡುವ ಆಸೆಯಿದ್ದವರು ಈ ಭಾನುವಾರ ಬಿದಿರು ಹೆರೆಯಲು ಕುಳಿತುಕೊಳ್ಳಿ. ಕೆಲಸವಾದ ಮೇಲೆ ಬ್ಲೇಡನ್ನು ಒರೆಸಿ, ಎಣ್ಣೆ ಸವರಿ ಇಡಿ. ತುಕ್ಕು ಹಿಡಿದರೆ ಬಿಳಿ ಮಣ್ಣಿಗೆ ಕಲೆ ಬೀಳುತ್ತದೆ.