‘ಬಂಗಾರದ ಮನುಷ್ಯ’: ದುಡಿಮೆ ಮತ್ತು ಒಡೆತನ

ಕಲೆಯ ಪರಿಣಾಮವನ್ನು ಅಳೆಯುವುದು ಸುಲಭಸಾಧ್ಯವಲ್ಲ. ಕಾವ್ಯವನ್ನು ಓದಿದವನು, ನಾಟಕವನ್ನು ನೋಡಿದವನು ರಸಾನುಭವವನ್ನು ಪಡೆದು ಮನೆಗೆ ಮರಳುತ್ತಾನೆ. ಮರುದಿನ ಅವನ ಬದುಕು ಹಿಂದಿನಂತೆಯೇ ಸಾಗುತ್ತದೆ. ನೋಡಿದವರ ನಡೆಯನ್ನೇ ತಿರುಗಿಸಿತೆಂಬ ಹೆಸರನ್ನು ಪಡೆದ ಕೃತಿಗಳು ಯಾವ ಭಾಷೆಯಲ್ಲಿಯೂ ವಿರಳ. ಕನ್ನಡ ಚಲನಚಿತ್ರಗಳಲ್ಲಿ ಆ ಹೆಸರು 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ಕ್ಕೆ ಮೊದಲು ಸಲ್ಲುತ್ತದೆ.

ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ನಿರ್ದೇಶಿಸಿದವರು ಸಿದ್ದಲಿಂಗಯ್ಯನವರು. ನಾಯಕ ರಾಜೀವನಾಗಿ ಅಭಿನಯಿಸಿದವರು ರಾಜಕುಮಾರ್. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರವೊಂದರಲ್ಲಿಯೇ ಇದು ಸುಮಾರು ಎರಡು ವರ್ಷಗಳ ಕಾಲ ನಡೆಯಿತು. ಚಿತ್ರವನ್ನು ಕಂಡ ಎಷ್ಟೋ ಮಂದಿ ತರುಣರು ಪಟ್ಟಣದ ನೌಕರಿಯ ಆಸೆಯನ್ನು ತೊರೆದು ಹಳ್ಳಿಯ ಹೊಲಕ್ಕೆ ಮರಳಿದರೆಂಬ ಮಾತು ಇಂದಿಗೂ ಜನಜನಿತವಾಗಿದೆ. ಇಂತಹ ಮಾತೊಂದು ಅರ್ಧ ಶತಮಾನ ಕಳೆದರೂ ಅಳಿಯದೆ ಉಳಿಯಬೇಕಾದರೆ, ಚಿತ್ರವು ಜನಮನದ ಯಾವುದೋ ಆಳವಾದ ತಂತಿಯನ್ನು ಮೀಟಿರಲೇಬೇಕು.

ಆ ತಂತಿ ಯಾವುದು? ಓದು ಎಂದರೆ ನೆಲದಿಂದ ಬಿಡುಗಡೆ ಎಂಬ ಭಾವನೆ ಅಂದು ಬಲವಾಗಿತ್ತು. ಮಗ ಶಾಲೆ ಕಲಿತುದು ಸಾರ್ಥಕವಾಗಬೇಕಾದರೆ ಅವನು ಕಚೇರಿಯ ಕುರ್ಚಿಯಲ್ಲಿ ಕೂರಬೇಕು. ಕೈಗೆ ಮಣ್ಣು ಮೆತ್ತಿದರೆ ಕಲಿತ ವಿದ್ಯೆ ಹಾಳಾಯಿತೆಂದೇ ಲೆಕ್ಕ. ರಾಜೀವನು ಅಕ್ಕನ ಮನೆಯ ಭಾರವನ್ನು ಹೊತ್ತು ಕಲ್ಲುಬಂಡೆಗಳ ಬಂಜರು ನೆಲಕ್ಕೆ ಇಳಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಬಂಡೆಯನ್ನೊಡೆಯುವ ಹಾಡು ಕನ್ನಂಬಾಡಿಯನ್ನು ಕಟ್ಟಿದ ವಿಶ್ವೇಶ್ವರಯ್ಯನವರ ಶ್ರಮವನ್ನು ನೆನೆಯುವುದು ಇಲ್ಲಿ ಗಮನಾರ್ಹ. ಒಕ್ಕಲಿಗನ ಗುದ್ದಲಿಯನ್ನೂ ವಿದ್ಯಾವಂತನ ಯೋಜನೆಯನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಚಿತ್ರವು ತಂದ ಮೊದಲ ಬದಲಾವಣೆ ಈ ದೃಷ್ಟಿಯದು. ನಡೆಯ ಬದಲಾವಣೆ ಅದರ ಹಿಂದೆ ಬಂದುದು.

ದುಡಿಮೆಗೆ ಸಂದ ಈ ಗೌರವ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದರು. ಆದರೆ ಅವರು ಕಾಯಕವನ್ನು ದಾಸೋಹದಿಂದ ಬೇರ್ಪಡಿಸಲಿಲ್ಲ. ಗಳಿಸಿದುದು ತನ್ನದೆಂಬ ಭಾವ ಅಳಿಯದಿದ್ದರೆ ದುಡಿಮೆ ಬರಿಯ ಸಂಪಾದನೆಯಾಗುತ್ತದೆ. ಈ ಒರೆಗಲ್ಲಿಗೆ ಹಚ್ಚಿದಾಗ ಚಿತ್ರದ ಉತ್ತರಾರ್ಧದ ಮಹತ್ವ ತಿಳಿಯುತ್ತದೆ. ಬಂಜರು ಹಸಿರಾದ ಮೇಲೆ, ಪ್ರೀತಿಯ ಮಡದಿ ತೀರಿಕೊಂಡ ಮೇಲೆ, ತಾನು ಸಾಕಿ ಓದಿಸಿದ ಅಕ್ಕನ ಮಗನಿಂದಲೇ ರಾಜೀವನು ನಿಂದೆಯ ಮಾತನ್ನು ಕೇಳಬೇಕಾಗುತ್ತದೆ. ಅವನು ವಾದಿಸುವುದಿಲ್ಲ, ಪಾಲು ಕೇಳುವುದಿಲ್ಲ; ತಾನು ಬೆಳೆಸಿದ ಸಮಸ್ತವನ್ನೂ ಬಿಟ್ಟು ಬರಿಗೈಯಲ್ಲಿ ಹೊರಟುಹೋಗುತ್ತಾನೆ. ಶೀರ್ಷಿಕೆಯ ಬಂಗಾರವು ಹೊಲದಲ್ಲಿ ಬೆಳೆದುದಲ್ಲ, ಈ ಬರಿಗೈಯಲ್ಲಿ ಉಳಿದುದು.

ಪ್ರೇಕ್ಷಕಲೋಕವು ಅನುಸರಿಸಬಯಸಿದುದು ಪೂರ್ವಾರ್ಧವನ್ನು ಮಾತ್ರ. ಬಂಡೆಯನ್ನೊಡೆಯುವ ರಾಜೀವ ಆದರ್ಶನಾದ. ಮನೆಬಿಟ್ಟು ನಡೆಯುವ ರಾಜೀವನಿಗಾಗಿ ಜನ ಕಣ್ಣೀರು ಮಿಡಿದರು, ಅವನನ್ನು ಅನುಸರಿಸಬೇಕೆಂದುಕೊಳ್ಳಲಿಲ್ಲ. ದುಡಿಯುವುದು ಕಷ್ಟ, ದುಡಿದುದನ್ನು ‘ನನ್ನದು’ ಎನ್ನದಿರುವುದು ಅದಕ್ಕಿಂತಲೂ ಕಷ್ಟ. ಇದನ್ನು ಪ್ರೇಕ್ಷಕರ ದೋಷವೆಂದಷ್ಟೇ ಹೇಳಿ ಬಿಡುವಂತಿಲ್ಲ. ಚಿತ್ರವೂ ರಾಜೀವನ ನಿರ್ಗಮನವನ್ನು ಕರುಣರಸದಲ್ಲಿ ಅದ್ದಿ ತೆಗೆದಿದೆ. ಕರುಣೆಯಲ್ಲಿ ಕರಗಿದ ಮನಸ್ಸಿಗೆ ವಿವೇಚನೆಯ ಬಿಡುವು ದೊರೆಯುವುದು ಕಡಿಮೆ. ಅಲ್ಲದೆ ಅವನ ತ್ಯಾಗ ಬಹುಮಟ್ಟಿಗೆ ಒಂದು ಕುಟುಂಬದ ಎಲ್ಲೆಯೊಳಗಿನದು. ದಾಸೋಹವಾದರೋ ಮನೆಯ ಹೊಸ್ತಿಲನ್ನು ದಾಟಿ ಸಮುದಾಯಕ್ಕೆ ಹರಿಯುವಂತಹುದು.

ಇನ್ನೊಂದು ಮಿತಿಯೂ ಉಂಟು. ಚಿತ್ರ ಜನಪ್ರಿಯವಾಗಿದ್ದ ಕಾಲದಲ್ಲಿಯೇ, 1974ರಲ್ಲಿ, ಕರ್ನಾಟಕದಲ್ಲಿ ಭೂಸುಧಾರಣೆಯ ಮಹತ್ವದ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯನೆಂಬ ಮಾತು ಊರೂರಿನಲ್ಲಿ ಕೇಳಿಬಂದಿತು. ಪರರ ಹೊಲವನ್ನು ತಲೆಮಾರುಗಳಿಂದ ಉತ್ತ ಗೇಣಿದಾರನ ಪ್ರಶ್ನೆ ‘ಬಂಗಾರದ ಮನುಷ್ಯ’ದ ಕೇಂದ್ರದಲ್ಲಿಲ್ಲ. ಛಲವೊಂದಿದ್ದರೆ ನೆಲ ಒಲಿಯುತ್ತದೆಂಬುದು ಅದರ ನಂಬಿಕೆ. ಛಲವಿದ್ದೂ ನೆಲವಿಲ್ಲದವರು, ನೆಲವಿದ್ದೂ ನೀರಿಲ್ಲದವರು ನಾಡಿನಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಕೊಳವೆಬಾವಿಗಳು ಬತ್ತಿದ ಊರಿನ ರೈತನಿಗೆ ಛಲದ ಪಾಠವನ್ನು ಮಾತ್ರ ಹೇಳಿದರೆ, ಅವನ ಸೋಲಿನ ಹೊಣೆಯನ್ನು ಅವನ ಮೇಲೆಯೇ ಹೊರಿಸಿದಂತಾಗುತ್ತದೆ.

ಈ ಮಿತಿಗಳಿಂದ ಚಿತ್ರದ ಹಿರಿಮೆಗೆ ಕುಂದಿಲ್ಲ. ಮಣ್ಣು ಮೆತ್ತಿದ ಕೈ ವಿದ್ಯಾವಂತನ ಕೈಯೂ ಆಗಬಲ್ಲುದೆಂದು ಒಂದು ತಲೆಮಾರಿಗೆ ಅದು ತೋರಿಸಿಕೊಟ್ಟಿತು. ಒಂದು ಕಲಾಕೃತಿಗೆ ಇದು ಸಣ್ಣ ಸಾಧನೆಯಲ್ಲ. ಆದರೆ ಕಲೆಯು ಕಣ್ಣನ್ನು ತೆರೆಸಬಲ್ಲುದೇ ಹೊರತು ಕಾಲನ್ನು ನಡೆಸಲಾರದು. ರಾಜೀವನ ಹಿಂದೆ ಹೊಲದವರೆಗೆ ನಡೆದುಬಂದ ಪ್ರೇಕ್ಷಕನು, ಅವನು ಮನೆ ಬಿಟ್ಟು ಹೊರಟ ದಾರಿಯನ್ನೂ ಒಮ್ಮೆ ದಿಟ್ಟಿಸಿ ನೋಡುವುದು ಉಚಿತ. ಚಿತ್ರವು ಕೇಳಿದ ಕಠಿಣವಾದ ಪ್ರಶ್ನೆ ಆ ದಾರಿಯಲ್ಲಿದೆ.