ಸಖರೋವ್ ಅವರ ಪ್ರಬಂಧ: ತಪ್ಪಿದ ಲೆಕ್ಕ, ತಪ್ಪದ ಮಾತು

ಸೋವಿಯತ್ ಒಕ್ಕೂಟಕ್ಕೆ ಜಲಜನಕ ಬಾಂಬು ಮಾಡಿಕೊಟ್ಟವರಲ್ಲಿ ಪ್ರಮುಖರಾದ ಆಂದ್ರೇ ಸಖರೋವ್ 1968ರಲ್ಲಿ ಪ್ರಗತಿ, ಸಹಬಾಳ್ವೆ ಹಾಗೂ ಬೌದ್ಧಿಕ ಸ್ವಾತಂತ್ರ್ಯ ಕುರಿತು ಒಂದು ಪ್ರಬಂಧ ಬರೆದರು. ಸ್ವದೇಶದಲ್ಲಿ ಅದು ಟೈಪು ಪ್ರತಿಗಳಾಗಿ ಕೈಯಿಂದ ಕೈಗೆ ಹರಿದಾಡಿತು, ಅಚ್ಚಾದದ್ದು ಹೊರದೇಶಗಳಲ್ಲಿ. ಲೇಖಕರಿಗೆ ಸಿಕ್ಕ ಸಂಭಾವನೆ, ರಹಸ್ಯ ಸಂಶೋಧನೆಯ ಕೆಲಸದಿಂದ ವಜಾ!

ವಿಜ್ಞಾನ ಓದಿಯೂ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದರ ಕಟ್ಟುನಿಟ್ಟಾದ ವಾದಸರಣಿ ಹಿಡಿಸುತ್ತದೆ. ಅಣುಯುದ್ಧ, ಹಸಿವು, ಪರಿಸರ ಮಾಲಿನ್ಯ ಇವು ಒಂದೇ ದೇಶ ಬಿಡಿಸಬಲ್ಲ ಲೆಕ್ಕಗಳಲ್ಲ. ಬಾಯಿಗೆ ಬೀಗ ಹಾಕಿದ ಸಮಾಜ ತನ್ನ ತಪ್ಪನ್ನು ತಿದ್ದಿಕೊಳ್ಳಲಾರದು ಎಂಬುದು ಇದರ ತಿರುಳು. ಹಕ್ಕು ಬೇರೆ, ಶಾಂತಿ ಬೇರೆ ಎನ್ನುವವರಿಗೆ ಇದು ತಕ್ಕ ಉತ್ತರ.

ಆದರೆ ಎರಡು ಕೊರತೆಗಳನ್ನು ಹೇಳಲೇಬೇಕು. ಬಂಡವಾಳಶಾಹಿಯೂ ಸಮಾಜವಾದವೂ 2000ದ ಹೊತ್ತಿಗೆ ಒಂದಕ್ಕೊಂದು ಸಮೀಪಿಸುತ್ತವೆಂದು ಅವರು ಹಂತಹಂತವಾಗಿ ವರ್ಷ ಗೊತ್ತುಮಾಡುತ್ತಾರೆ. ಚರಿತ್ರೆಯೇನು ಪಂಚವಾರ್ಷಿಕ ಯೋಜನೆಯೇ? 1991ರಲ್ಲಿ ಒಕ್ಕೂಟವೇ ಒಡೆಯಿತು. ಇನ್ನು, ಶ್ರೀಮಂತ ದೇಶಗಳು ರಾಷ್ಟ್ರೀಯ ವರಮಾನದ ಶೇಕಡಾ 20ರಷ್ಟನ್ನು ಬಡದೇಶಗಳಿಗೆ ಕೊಡಲೆಂಬ ಸಲಹೆ ಉದಾರವಾದದ್ದೇ. ಆದರೆ ಬಡದೇಶಗಳ ಜನ ಇಲ್ಲಿ ಕೈಚಾಚುವವರೇ ಹೊರತು ಮಾತಾಡುವವರಲ್ಲ.

ಆದರೂ ತಿರುಳು ಸುಳ್ಳಾಗಲಿಲ್ಲ. 1975ರ ನೊಬೆಲ್ ಶಾಂತಿ ಪಾರಿತೋಷಕ ಪಡೆಯಲು ಸರ್ಕಾರ ಅವರನ್ನು ಹೋಗಗೊಡಲಿಲ್ಲ. ಪತ್ನಿ ಯೆಲೆನಾ ಬಾನ್ನರ್ ಸ್ವೀಕರಿಸಿದರು. ಆಫ್ಘಾನಿಸ್ತಾನದ ಯುದ್ಧವನ್ನು ಖಂಡಿಸಿದಾಗ 1980ರಲ್ಲಿ ಗೋರ್ಕಿ ನಗರಕ್ಕೆ ಗಡೀಪಾರು, ಸುಮಾರು 7 ವರ್ಷ. ಅದೇ ಯುದ್ಧದಿಂದ ಸೋವಿಯತ್ ಸೇನೆ 1989ರಲ್ಲಿ ಬರಿಗೈಯಲ್ಲಿ ಹಿಂತಿರುಗಿತು. ತಪ್ಪು ತೋರಿಸಿದವನನ್ನು ಊರಾಚೆ ಅಟ್ಟಿದರೆ ತಪ್ಪು ಊರಲ್ಲೇ ಉಳಿಯುತ್ತದೆ.